ನುಡಿಯುವ ಬಂಡೆಗಳು

ಚಾಮುಂಡಿ ಬೆಟ್ಟದ ನಂದಿಗೆ ಕೈಮುಗಿಯದ ಮೈಸೂರಿನ ಮನೆಯವರು ವಿರಳ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಡೆಯಿಸಿದ ಮೂರ್ತಿಯದು. ಆದರೆ ಬೆಟ್ಟದ ಕಲ್ಲಿನಲ್ಲಿ ವೃಷಭವನ್ನು ಕಾಣುವ ಬುದ್ಧಿ ನಮ್ಮ ನಾಡಿನಲ್ಲಿ ಅದಕ್ಕಿಂತ ಬಹು ಪ್ರಾಚೀನವಾದುದೆಂಬುದನ್ನು ವಾಚಕರು ತಿಳಿಯಬೇಕಾದರೆ ಬಳ್ಳಾರಿಗೆ ಸಮೀಪದ ಸಂಗನಕಲ್ಲು, ಕುಪ್ಪಗಲ್ಲುಗಳ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕು.

ಅಲ್ಲಿಯ ಹಿರೇಗುಡ್ಡದ ಕಣಶಿಲೆಯನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಯ ಶಿಲೆಯ ಪಟ್ಟೆಯೊಂದು ಹಾದುಹೋಗಿರುವುದು. ಆ ಕರಿಯ ಬಂಡೆಗಳ ಮೇಲೆ ನೂರಾರು ಚಿತ್ರಗಳುಂಟು. ನೀಳವಾದ ಕೊಂಬು, ಎತ್ತರವಾದ ಹಿಣಿಲುಗಳುಳ್ಳ ಎತ್ತುಗಳೇ ಬಹಳ. ಇವು ಬಣ್ಣದಿಂದ ಬರೆದವಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಮೇಲಣ ಕಪ್ಪನ್ನು ಕಳೆದು, ಒಳಗಣ ತಿಳಿಬಣ್ಣವನ್ನು ಹೊರಪಡಿಸಿದವು. ಕೆಲವು ಈಚಿನವಾದರೂ ಬಹುಭಾಗ ನವಶಿಲಾಯುಗದವು, ಎಂದರೆ ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನವು, ಎಂದು ವಿದ್ವಾಂಸರ ಮತ. ಫಾಸೆಟ್ ಎಂಬವರು 1892ರಲ್ಲಿ ಇವುಗಳ ವಿಷಯವನ್ನು ಪ್ರಕಟಿಸಿದರು.

ವಿಶೇಷವೇನೆಂದರೆ, ಕೆಲವು ಚಿತ್ರಗಳು ಬಂಡೆಯಿಂದ ಜೋತುಬಿದ್ದಲ್ಲದೆ ಕೈಗೆಟುಕದ ಎಡೆಗಳಲ್ಲಿವೆ. ಅಂದಮೇಲೆ ಬರೆದವನಿಗೆ ನೋಡುವವರಿಗಿಂತ ಆ ಸ್ಥಳವೇ ಮುಖ್ಯವಾಗಿದ್ದಿರಬೇಕೆಂದು ನಮಗೆ ತೋರುವುದು. ಇದಲ್ಲದೆ ಬಟ್ಟಲಿನಂತೆ ಸವೆದ ಗುಳಿಗಳುಳ್ಳ ಕೆಲವು ಬಂಡೆಗಳನ್ನು ಕಲ್ಲಿನಿಂದ ಹೊಡೆದರೆ ಜಾಗಟೆಯಂತೆ ಮೊಳಗುವುವು! ಹಂಪೆಯ ವಿಠ್ಠಲಾಲಯದ ಕಂಬಗಳನ್ನು ಕಂಡು ಬೆರಗಾದವರಿಗೆ ಇದು ಅವುಗಳ ಪೂರ್ವಜನಂತೆ ಕಾಣದಿರದು. ಇಲ್ಲಿ ಚಿತ್ರ, ನಾದಗಳೆರಡೂ ಒಂದೇ ಆಚಾರಕ್ಕೆ ಸೇರಿದ್ದುವೇನೋ ಎಂದು ನಿಕೋಲ್ ಬೋಯ್ವಿನ್ ಎಂಬ ವಿದುಷಿ 2004ರಲ್ಲಿ ಬರೆದರು.

ಋಗ್ವೇದದ ಹತ್ತನೆಯ ಮಂಡಲದ ಒಂದು ಸೂಕ್ತದಲ್ಲಿ ಸೋಮವನ್ನು ಜಜ್ಜುವ ಕಲ್ಲುಗಳು ಗೂಳಿಗಳಂತೆ ಗರ್ಜಿಸುವುವೆಂದು ಋಷಿಯು ಹೊಗಳಿರುವುದು ನಮಗೆ ಕೂಡಲೇ ನೆನಪಾಯಿತು. ಹಾಗೆಂದು ಈ ಎರಡನ್ನೂ ಗಂಟುಹಾಕುವುದು ಸಲ್ಲದು. ಗುಡ್ಡದ ಜನರು ದನಗಾಹಿಗಳು, ಅವರ ಭಾಷೆ ಯಾವುದೆಂದು ಹೇಳುವ ಶಾಸನವಿಲ್ಲ.

ಅವರ ಜೀವನದ ಇನ್ನೊಂದು ಗುರುತು ಆ ಸೀಮೆಯ ಬೂದಿದಿಬ್ಬಗಳು. ಕುಡತಿನಿಯ ದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ಬೂದಿಯೆಂದೂ, ಹಂಪೆಯ ಬಳಿಯ ನಿಂಬಾಪುರದ್ದನ್ನು ವಾಲಿಯ ಚಿತಾಭಸ್ಮವೆಂದೂ ಜನರು ಹೇಳುವರು. ಪರೀಕ್ಷಿಸಿದವರಿಗೆ ಅವು ಸುಟ್ಟ ಸಗಣಿಯೆಂದು ತಿಳಿದುಬಂದಿತು. ಇಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದು ಕೇವಲ ಶುಚಿಗಾಗಿ ಆಗಿರಲಾರದು. ಐತಿಹ್ಯವು ವಸ್ತುವಿನಲ್ಲಿ ತಪ್ಪಿದರೂ, ಅಲ್ಲಿ ದೊಡ್ಡ ಬೆಂಕಿಯೆದ್ದಿತ್ತೆಂಬುದನ್ನು ಮರೆಯಲಿಲ್ಲ.

ಈ ಗುಡ್ಡಕ್ಕೆ ಕಲ್ಲುಗಣಿಯ ಕಾಟ ತಗಲಿ, ಚಿತ್ರಗಳಲ್ಲಿ ಕೆಲವು ಅಳಿದುವೆಂದು 2004ರಲ್ಲಿಯೇ ವರದಿಯಾಯಿತು. ಮಡಕೆ, ಕೊಡಲಿಗಳನ್ನು ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿಡಬಹುದು. ಮೊಳಗುವ ಬಂಡೆಯನ್ನು ಒಯ್ದು ಇಡುವುದೆಲ್ಲಿ? ಮಕ್ಕಳೊಡನೆ ಅಲ್ಲಿಗೆ ಹೋಗುವವರು ಬೆಳಗ್ಗೆ ಅಥವಾ ಸಂಜೆ ಹೋಗಲಿ, ಓರೆಬಿಸಿಲಿನಲ್ಲಿ ರೇಖೆಗಳು ಚೆನ್ನಾಗಿ ಕಾಣುವುವು. ಅವುಗಳ ಮೇಲೆ ಸೀಮೆಸುಣ್ಣವನ್ನು ಮಾತ್ರ ಎಳೆಯದಿರಲಿ.