ಬಾಡಿಗೆಯ ಕುಂಚ, ಕದ್ದ ಕೀಲಿಕೈ

ಫೋಟೋಶಾಪ್ ಎಂಬ ಹೆಸರು ಇಂದು ನಮ್ಮ ಪಟ್ಟಣಗಳಲ್ಲಿ ಒಂದು ಕಸುಬಿನ ಹೆಸರೇ ಆಗಿಬಿಟ್ಟಿದೆ. ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಕ್ಕೆ ಬಿಳಿ ಹಿನ್ನೆಲೆ ಕೂಡಿಸುವುದರಿಂದ ಹಿಡಿದು ಮದುವೆಯ ಆಲ್ಬಮ್, ಅಂಗಡಿಯ ಫಲಕ, ಚುನಾವಣೆಯ ಫ್ಲೆಕ್ಸ್‌ಗಳವರೆಗೆ ಎಲ್ಲವೂ ಅದರಲ್ಲೇ ಸಿದ್ಧವಾಗುತ್ತವೆ. ಓದನ್ನು ಅರ್ಧಕ್ಕೆ ನಿಲ್ಲಿಸಿದ ಎಷ್ಟೋ ಯುವಕರು ಸ್ಟುಡಿಯೋಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಇದನ್ನು ಕಲಿತು ಕುಟುಂಬವನ್ನು ಸಾಕುತ್ತಿದ್ದಾರೆ. ಇದು ಅಭಿಮಾನ ಪಡಬೇಕಾದ ಸಂಗತಿ. ಆದರೆ ಅವರ ಪೈಕಿ ಆ ತಂತ್ರಾಂಶಕ್ಕೆ ಹಣ ತೆತ್ತವರು ಎಷ್ಟು ಮಂದಿ ಎಂದು ಕೇಳಿದರೆ ಸಿಗುವ ಉತ್ತರ ಮುಜುಗರ ತರುತ್ತದೆ. ಗೆಳೆಯನ ಪೆನ್‌ಡ್ರೈವ್‌ನಿಂದ ಬಂದ, ಬೀಗ ಮುರಿದ ಪ್ರತಿಯಲ್ಲೇ ವರ್ಷಗಟ್ಟಲೆ ಸಂಪಾದನೆ ಮಾಡುವುದು ನಮಗೆ ತಪ್ಪೆಂದೇ ತೋರುತ್ತಿಲ್ಲ.

ಕಾನೂನಿಗೆ ಮಾತ್ರ ಅದು ತಪ್ಪಾಗಿಯೇ ಕಾಣುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯ ಮೂಲಕ ಸೇರಿಸಲಾದ 63ಬಿ ವಿಧಿಯನ್ವಯ, ಅರಿವಿದ್ದೂ ನಕಲಿ ತಂತ್ರಾಂಶವನ್ನು ಬಳಸುವವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಆದರೆ ಅಂಗಡಿ ಇಟ್ಟು ದುಡಿಯುವವನಿಗೆ ಆ ರಿಯಾಯಿತಿಯ ನೆರಳು ದೊರೆಯದು. ದಿನಕ್ಕೆ ನಾಲ್ಕು ಗಿರಾಕಿಗಳನ್ನು ನಂಬಿ ಬದುಕುವ ಸ್ಟುಡಿಯೋದವನ ಪಾಲಿಗೆ ಒಂದು ದೂರು, ಒಂದು ದಾಳಿ ಸಾಕು. ಇನ್ನು, ಬೀಗ ಮುರಿದ ಪ್ರತಿಗಳ ಜೊತೆಗೇ ವೈರಸ್‌ಗಳು ಒಳನುಗ್ಗಿ ಗಿರಾಕಿಗಳ ಚಿತ್ರಗಳೂ ಗುರುತಿನ ದಾಖಲೆಗಳೂ ಅಪಾಯಕ್ಕೆ ಸಿಲುಕುವ ಸಾಧ್ಯತೆ ಬೇರೆ.

ಹಾಗಾದರೆ ಹಣ ಕೊಟ್ಟೇ ಬಳಸಬಹುದಲ್ಲವೇ? ಖಂಡಿತ ಬಳಸಬಹುದು. ಆದರೆ ಹಣ ಕೊಟ್ಟರೂ ಅದು ನಮ್ಮದಾಗುವುದಿಲ್ಲ. 1990ರಲ್ಲಿ ಮಾರುಕಟ್ಟೆಗೆ ಬಂದ ಫೋಟೋಶಾಪನ್ನು ದೀರ್ಘ ಕಾಲ ಒಮ್ಮೆ ಕೊಂಡು ಬೇಕಾದಷ್ಟು ವರ್ಷ ಬಳಸಬಹುದಾಗಿತ್ತು. 2012ರ ಸಿಎಸ್6 ಆವೃತ್ತಿಗೆ ಆ ಪದ್ಧತಿ ಕೊನೆಗೊಂಡಿತು. 2013ರಿಂದ ಅಡೋಬಿ ಸಂಸ್ಥೆ ಅದನ್ನು ಚಂದಾ ರೂಪದಲ್ಲಿ ಬಾಡಿಗೆಗೆ ಕೊಡತೊಡಗಿತು. ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ಚಂದಾ ರದ್ದುಪಡಿಸುವಾಗ ತೆರಬೇಕಾದ ಶುಲ್ಕವನ್ನು ಗ್ರಾಹಕರಿಂದ ಮರೆಮಾಚಲಾಗಿದೆ ಎಂಬ ಆರೋಪದ ಮೇಲೆ 2024ರ ಜೂನ್‌ನಲ್ಲಿ ಸ್ವತಃ ಅಮೆರಿಕ ಸರಕಾರವೇ ಆ ಸಂಸ್ಥೆಯ ವಿರುದ್ಧ ದಾವೆ ಹೂಡಿತು.

ಇದಕ್ಕಿಂತ ಗಂಭೀರವಾದ ಪಾಠವನ್ನು ವೆನೆಜುವೆಲಾ ಕಲಿಸಿದೆ. 2019ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆ ದೇಶದ ಮೇಲೆ ದಿಗ್ಬಂಧನದ ಆಜ್ಞೆ ಹೊರಡಿಸಿದರು. ಅದನ್ನು ಪಾಲಿಸುವುದಕ್ಕಾಗಿ ವೆನೆಜುವೆಲಾದ ಎಲ್ಲ ಖಾತೆಗಳನ್ನೂ ನಿಷ್ಕ್ರಿಯಗೊಳಿಸುವುದಾಗಿ ಅಡೋಬಿ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಕೊನೆಯ ಗಳಿಗೆಯಲ್ಲಿ ಅಮೆರಿಕ ಸರಕಾರದಿಂದ ಪರವಾನಿಗೆ ದೊರೆತು ಸೇವೆ ಉಳಿಯಿತು, ನಿಜ. ಆದರೆ ಎರಡು ದೇಶಗಳ ಜಗಳಕ್ಕೂ ಮದುವೆಯ ಚಿತ್ರ ತಿದ್ದುವ ಬಡ ಕಲಾವಿದನಿಗೂ ಏನು ಸಂಬಂಧ? ಯಾವ ತಪ್ಪನ್ನೂ ಮಾಡದೆ, ಹಣವನ್ನೂ ತೆತ್ತು, ಆತ ವಾರಗಟ್ಟಲೆ ತನ್ನ ಅನ್ನದ ಬಗ್ಗೆ ಆತಂಕದಲ್ಲಿರಬೇಕಾಯಿತು. ಪರರ ಕೈಯಲ್ಲಿ ಕೀಲಿ ಇರುವ ಮನೆಯಲ್ಲಿ ನೆಮ್ಮದಿಯ ನಿದ್ದೆ ಇರಲು ಸಾಧ್ಯವೇ?

ಕಳ್ಳತನವೂ ಅಲ್ಲದ, ಗುಲಾಮಗಿರಿಯೂ ಅಲ್ಲದ ಇನ್ನೊಂದು ದಾರಿ ಇದೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ವಿದ್ಯಾರ್ಥಿಗಳು ಚಿತ್ರ ತಿದ್ದುವ ಒಂದು ತಂತ್ರಾಂಶವನ್ನು ಬರೆಯತೊಡಗಿದರು. ಅದುವೇ ಜಿಂಪ್. ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಸ್ವತಂತ್ರ ತಂತ್ರಾಂಶ ಚಳವಳಿಯ ಪರವಾನಿಗೆಯಲ್ಲಿ ಅದು ಬಿಡುಗಡೆಯಾಯಿತು. ಯಾವ ಉದ್ದೇಶಕ್ಕೂ ಬಳಸಬಹುದು, ಒಳಗಿನ ರಚನೆಯನ್ನು ಅಭ್ಯಸಿಸಿ ಬದಲಿಸಬಹುದು, ಇತರರಿಗೆ ಹಂಚಬಹುದು, ಸುಧಾರಿಸಿದ ಪ್ರತಿಯನ್ನೂ ಹಂಚಬಹುದು. ಇಲ್ಲಿ ಗೆಳೆಯನಿಗೆ ಪೆನ್‌ಡ್ರೈವ್‌ನಲ್ಲಿ ಕೊಡುವುದು ಅಪರಾಧವಲ್ಲ, ಉಪಕಾರ. ಜಿಂಪ್‌ನೊಂದಿಗೆ ಚಿತ್ರ ಬಿಡಿಸಲು ಕ್ರಿಟಾ, ಲಾಂಛನ ಮತ್ತು ಅಕ್ಷರ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಕ್ಯಾಮರಾದ ರಾ ಕಡತಗಳಿಗೆ ಡಾರ್ಕ್‌ಟೇಬಲ್, ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಇವೆ.

ಹಾಗೆಂದು ತೊಡಕುಗಳೇ ಇಲ್ಲವೆಂದು ನಾವು ಹೇಳಲಾರೆವು. ಕೈ ಪಳಗಿದ ಶಾರ್ಟ್‌ಕಟ್‌ಗಳು ಬೇರೆಯಾಗುತ್ತವೆ. ಪಿಎಸ್‌ಡಿ ಕಡತಗಳು ತೆರೆದುಕೊಂಡರೂ ಕೆಲವು ಪರಿಣಾಮಗಳು ಕೆಡಬಹುದು. ಒಮ್ಮೆ ಮಾಡಿದ ಕೆಲಸವನ್ನು ನೂರು ಚಿತ್ರಗಳಿಗೆ ಅನ್ವಯಿಸಲು ಫೋಟೋಶಾಪ್‌ನ ಆಕ್ಷನ್‌ನಂತಹ ಸುಲಭ ವ್ಯವಸ್ಥೆ ಇಲ್ಲ, ಸ್ಕ್ರಿಪ್ಟ್ ಬರೆಯಬೇಕು. ಮುದ್ರಣಾಲಯಕ್ಕೆ ಬೇಕಾದ ನಾಲ್ಕು ಬಣ್ಣಗಳ ಸಿಎಂವೈಕೆ ವಿಧಾನದಲ್ಲೇ ನೇರವಾಗಿ ಚಿತ್ರ ತಿದ್ದಲು ಜಿಂಪ್‌ನಲ್ಲಿ ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕುವ ಸೌಲಭ್ಯ ಸೇರಿದಂತೆ ಹಲವು ಕೊರತೆಗಳು ನೀಗಿವೆ. ದೊಡ್ಡ ಮುದ್ರಣದ ಕೆಲಸ ಮಾಡುವವರಿಗೆ ಇದು ಇನ್ನೂ ಸಾಲದಿರಬಹುದು, ಅಂಥವರು ಹಣ ಕೊಟ್ಟು ಅಸಲಿಯನ್ನೇ ಕೊಳ್ಳಲಿ. ಆದರೆ ಪಾಸ್‌ಪೋರ್ಟ್ ಫೋಟೋ, ಹಳೆಯ ಚಿತ್ರಗಳ ದುರಸ್ತಿ, ವಾಟ್ಸಾಪ್ ಆಮಂತ್ರಣಗಳೇ ಮುಖ್ಯ ಸಂಪಾದನೆಯಾಗಿರುವ ಅಂಗಡಿಗಳಿಗೆ ಇದು ಧಾರಾಳ ಸಾಕು.

ಭಾಷೆಯ ವಿಚಾರವೂ ಇದೆ. ನುಡಿ, ಶ್ರೀಲಿಪಿಗಳ ಹಳೆಯ ಅಕ್ಷರಗಳಿಗೆ ಒಗ್ಗಿದವರು ಯೂನಿಕೋಡಿಗೆ ಬಂದರೆ ಜಿಂಪ್ ಕನ್ನಡದ ಒತ್ತಕ್ಷರಗಳನ್ನೂ ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ಸರಿಯಾಗಿ ಮೂಡಿಸುತ್ತದೆ. ಅದಕ್ಕೆ ಬೇಕಾದ ನೋಟೊ ಕನ್ನಡ, ನೋಟೊ ನಸ್ತಾಲೀಖ್ ಅಕ್ಷರಗಳೂ ಉಚಿತವಾಗಿವೆ.

ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಜಿಂಪ್, ಇಂಕ್‌ಸ್ಕೇಪ್‌ಗಳನ್ನು ಪಠ್ಯದಲ್ಲೇ ಕಲಿಯುತ್ತಾರೆ. ನಮ್ಮ ಪಟ್ಟಣಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳೋ ನಕಲಿ ಪ್ರತಿಯಲ್ಲಿ ಪಾಠ ಹೇಳಿ ಪ್ರಮಾಣಪತ್ರ ಕೊಡುತ್ತಿವೆ. ಮೊದಲ ಪಾಠವೇ ಕಳವಿನದಾದರೆ ಆ ವಿದ್ಯೆಯಿಂದ ನಾವು ಯಾವ ಬರಕತ್ತನ್ನು ನಿರೀಕ್ಷಿಸಬಹುದು? ರಜೆಯಲ್ಲಿ ಬೇಸಿಗೆ ಶಿಬಿರ ನಡೆಸುವ ಸಂಘಟನೆಗಳು ಹತ್ತು ದಿನಗಳ ಒಂದು ಜಿಂಪ್ ತರಗತಿಯನ್ನು ಏಕೆ ಸೇರಿಸಬಾರದು? ಸ್ಟುಡಿಯೋದವರು ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಮೊದಲ ತಿಂಗಳು ಪಾಸ್‌ಪೋರ್ಟ್ ಫೋಟೋಗಳನ್ನಷ್ಟೇ ಅದರಲ್ಲಿ ಮಾಡಿ ನೋಡಲಿ, ಕೈ ಪಳಗಿದಂತೆ ಉಳಿದ ಕೆಲಸವನ್ನೂ ಅದಕ್ಕೇ ತರಲಿ.

ಮನೆಯಲ್ಲಿ ಈ ಕಸುಬಿನ ಮಗನಿದ್ದರೆ, ಮಗಳಿದ್ದರೆ, ಅವರ ಕಂಪ್ಯೂಟರಿನಲ್ಲಿರುವುದು ಯಾರ ಸೊತ್ತೆಂದು ಇಂದು ರಾತ್ರಿಯೇ ಒಮ್ಮೆ ಕೇಳೋಣ. ದುಡಿಮೆಯ ಹಣ ಹೇಗೆ ಬಂತೆಂದು ವಿಚಾರಿಸುವ ನಮಗೆ ದುಡಿಮೆಯ ಉಪಕರಣ ಎಲ್ಲಿಂದ ಬಂತೆಂದು ವಿಚಾರಿಸುವ ಹೊಣೆಯೂ ಇದೆ.