ಮನೆ ತೊಳೆದ ನೀರಿನ ಸಾಕ್ಷಿ

ಮಹಾನವಮಿ ಸಮೀಪಿಸಿತೆಂದರೆ ನಮ್ಮ ಸೀಮೆಯ ಮನೆಗಳ ಪಾತ್ರೆ ಪಡಗಗಳೆಲ್ಲ ಅಂಗಳಕ್ಕಿಳಿಯುತ್ತವೆ. ಅಟ್ಟದ ಮೇಲಿನ ಗಡಿಗೆ, ಪೆಟ್ಟಿಗೆ, ಹಾಸಿಗೆ, ಹೊದಿಕೆಗಳು ಬಿಸಿಲು ಕಾಣುತ್ತವೆ. ಜಂತಿಯ ಜೇಡನ ಬಲೆ ಬೀಳುತ್ತದೆ. ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು ಏರುತ್ತವೆ. ಹೊಸಪೇಟೆಯ ತಾರಸಿ ಮನೆಯಿರಲಿ, ಕಂಪ್ಲಿಯ ಮಾಳಿಗೆ ಮನೆಯಿರಲಿ, ಸಂಡೂರು ಕಣಿವೆಯ ತಗಡಿನ ಮನೆಯಿರಲಿ, ವರ್ಷಕ್ಕೊಮ್ಮೆಯಾದರೂ ಮೂಲೆಮೂಲೆಯೂ ಶುದ್ಧವಾಗಬೇಕೆಂಬುದು ರೂಢಿ. ಹಂಪಿಯಲ್ಲಿ ಮಹಾನವಮಿಯ ಹೆಸರಿನ ದಿಬ್ಬವನ್ನೇ ಉಳಿಸಿಕೊಂಡಿರುವ ನಾಡಿಗೆ ಈ ರೂಢಿಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಹೇಳಬೇಕಾಗಿರುವುದು ಬೇರೆ. ಮನೆಯಿಂದ ನಾವು ಹೊರಹಾಕುವ ಕೊಳೆ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕದ ಹೊರತು ನಮ್ಮ ಶುಚಿಕಾರ್ಯ ಪೂರ್ಣವಾಗುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ನಮ್ಮ ಬಕೆಟ್ಟಿನಲ್ಲೇ ಇದೆ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದ್ದ ವರ್ಷಗಳಲ್ಲಿ ಸಂಡೂರಿನ ರಸ್ತೆಗಳಲ್ಲಿ ಲಾರಿಗಳ ಸಾಲು ಹಗಲಿರುಳೂ ಕಡಿಯುತ್ತಿರಲಿಲ್ಲ. ಆಗ ನಮ್ಮ ಮನೆಯಲ್ಲಿ ಕಪಾಟಿನ ಮೇಲ್ಭಾಗವನ್ನು ಒರೆಸಿದ ಬಟ್ಟೆ ಹಿಂಡಿದರೆ ನೀರು ಕೆಮ್ಮಣ್ಣಿನ ಬಗ್ಗಡದಂತಾಗುತ್ತಿತ್ತು. ನಾಲ್ಕು ಸಲ ನೀರು ಬದಲಿಸಿದರೂ ಬಣ್ಣ ಬಿಡುತ್ತಿರಲಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಎರಡು ತಿಂಗಳ ತರುವಾಯ ಬಂದ ಮಹಾನವಮಿಗೆ ಅದೇ ಕಪಾಟನ್ನು ಒರೆಸಿದಾಗ ಎರಡನೆಯ ಬಕೆಟ್ಟಿಗೇ ನೀರು ತಿಳಿಯಾಯಿತು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ನಿಜ. ಆದರೆ ಹಿಂದಿನ ವರ್ಷಗಳಲ್ಲೂ ಮಹಾನವಮಿ ಮಳೆಗಾಲದ ಕೊನೆಗೇ ಬಂದಿತ್ತು. ಮನೆ ಅದೇ, ಕಿಟಕಿ ಅದೇ. ಬದಲಾದದ್ದು ರಸ್ತೆ ಮಾತ್ರ.

ಈ ಧೂಳು ಸಾಮಾನ್ಯ ಮಣ್ಣಲ್ಲ. ನಮ್ಮ ಗುಡ್ಡಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅದರೊಡನೆ ಪಟ್ಟೆಪಟ್ಟೆಯಾಗಿ ಬೆಣಚುಕಲ್ಲು ಬೆರೆತಿದೆ. ಬೆಣಚಿನ ಸಿಲಿಕಾ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಡುಸಾಗುವುದನ್ನು ವೈದ್ಯಶಾಸ್ತ್ರ ಸಿಲಿಕೋಸಿಸ್ ಎಂದು ಕರೆಯುತ್ತದೆ. ತಲೆಗೂದಲು ಸುಮಾರು 70 ಮೈಕ್ರೋಮೀಟರ್ ದಪ್ಪ. 10 ಮೈಕ್ರೋಮೀಟರಿಗಿಂತ ಸಣ್ಣ ಕಣ ಮೂಗನ್ನು ದಾಟುತ್ತದೆ, 2.5ಕ್ಕಿಂತ ಸಣ್ಣದು ಶ್ವಾಸಕೋಶದ ತಳಕ್ಕಿಳಿಯುತ್ತದೆ. ಒಣ ಕಸಬರಿಗೆಯಿಂದ ಗುಡಿಸಿದಾಗ ದಪ್ಪ ಕಣ ಮೊರಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ಸಣ್ಣ ಕಣ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಆದುದರಿಂದ ಜಂತಿಯಿಂದ ನೆಲದವರೆಗೆ, ಮೇಲಿನಿಂದ ಕೆಳಕ್ಕೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಮೂಗು ಬಾಯಿಗೆ ಒತ್ತಾಗಿ ಕೂರುವ ಮುಖಗವಸು ಇರಲಿ. ಕೆಮ್ಮಿರುವ ಹಿರಿಯರೂ ಮಕ್ಕಳೂ ಆ ಹೊತ್ತು ಹೊರಗಿರಲಿ.

ಅಟ್ಟ ಇಳಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಕಂಪ್ಲಿಯ ಭತ್ತದ ಸೀಮೆಯ ಮನೆಗಳಲ್ಲಿ ಕಾಳಿನ ಚೀಲದ ಪಕ್ಕದಲ್ಲೇ ಹಳೆಯ ಕೀಟನಾಶಕದ ಡಬ್ಬಿಗಳನ್ನು ಕಂಡಿದ್ದೇವೆ. 2011ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದ ಎಂಡೋಸಲ್ಫಾನ್ ಕೂಡ ಅವುಗಳ ನಡುವೆ ಉಳಿದಿರಬಹುದು. ಅದನ್ನು ಕಾಲುವೆಗೆ ಸುರಿಯಬಾರದು, ಸುಡಬಾರದು, ಡಬ್ಬಿ ತೊಳೆದು ನೀರಿಗೆ ಬಳಸಬಾರದು. ಮುಚ್ಚಳ ಬಿಗಿದು, ಚೀಟಿ ಕೀಳದೆ, ವಾಸದ ಮನೆಯಿಂದ ದೂರ ಬೀಗದಲ್ಲಿಟ್ಟು, ವಿಲೇವಾರಿಯ ದಾರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ಕೇಳಬೇಕು. ಹಾಗೆಯೇ, ಬಚ್ಚಲು ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಾಂತಿಕ.

ಎರಡನೆಯ ಪ್ರಶ್ನೆ, ಕೊಳೆ ಎಲ್ಲಿಗೆ ಹೋಗುತ್ತದೆ? ತುಂಗಭದ್ರೆ ಹೊಸಪೇಟೆಯ ಅಣೆಕಟ್ಟನ್ನು ಬಿಟ್ಟು ಹಂಪಿಯ ಬಂಡೆಗಳ ನಡುವೆ ಹರಿದು ಕಂಪ್ಲಿಗೆ ಸಾಗುತ್ತಾಳೆ. ಮೇಲಿನ ಊರಿನ ಚರಂಡಿಗೆ ಬಿಟ್ಟದ್ದು ಕೆಳಗಿನ ಊರಿನ ಬಾಗಿಲಿಗೆ ಬರುತ್ತದೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ನಿಂತ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಗೋಡೆಗೆ ಸುಣ್ಣ, ಬಟ್ಟೆಗೆ ಅಂಟುವಾಳ, ಹಿತ್ತಾಳೆಗೆ ಹುಣಸೆಹಣ್ಣು, ಪಾತ್ರೆಗೆ ಬೂದಿ ಇವು ಬಡವರ ಪರ್ಯಾಯವೆಂದು ಮೂಗು ಮುರಿಯಬೇಕಾಗಿಲ್ಲ. ಸುಣ್ಣದ ಕ್ಷಾರಗುಣ ಗೋಡೆಯಲ್ಲಿ ಬೂಷ್ಟನ್ನು ಬೆಳೆಯಗೊಡದು; ಅಂಟುವಾಳದ ನೊರೆ ಮಣ್ಣಿನಲ್ಲಿ ಬೇಗ ಕರಗಿಹೋಗುತ್ತದೆ. ಧೂಳು ಒರೆಸಲಂತೂ ಬರಿಯ ನೀರೇ ಸಾಕು.

ಇಷ್ಟೆಲ್ಲ ಮಾಡಿಯೂ ಮೂರನೆಯ ದಿನ ಕಿಟಕಿಯ ಹಲಗೆಯ ಮೇಲೆ ಮತ್ತೆ ಬೆರಳಚ್ಚು ಮೂಡಿದರೆ ತಪ್ಪು ಯಾರದು? ಮನೆಯಾಕೆಯದಂತೂ ಅಲ್ಲ. ಧೂಳಿನ ಲೆಕ್ಕವನ್ನು ಯಾವ ಗಣಿಯ ಖಾತೆಯೂ ಬರೆಯುವುದಿಲ್ಲ. ಅದನ್ನು ನಮ್ಮ ಹೆಂಗಸರ ರಟ್ಟೆ ಕೂಲಿಯಿಲ್ಲದೆ ತೀರಿಸುತ್ತದೆ. ಜೋಳದ ಎಲೆಯ ಪತ್ರರಂಧ್ರಕ್ಕೆ ಅದೇ ಧೂಳು ಕೂತರೆ ರೈತನ ಇಳುವರಿ ತೀರಿಸುತ್ತದೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರಿನ ವಾರ್ಷಿಕ ಮಿತಿಯನ್ನು 28ರಿಂದ 35 ದಶಲಕ್ಷ ಟನ್ನಿಗೆ ಏರಿಸಿತು. ಅದಿರು ಹೆಚ್ಚಾದರೆ, ಸಾಗಿಸುವ ಬಗೆ ಬದಲಾಗದಿದ್ದರೆ, ಧೂಳೂ ಹೆಚ್ಚಾಗಲೇಬೇಕು.

ಪರಿಹಾರ ಅಸಾಧ್ಯವೇನಲ್ಲ. ಮುಚ್ಚಿದ ಕನ್ವೇಯರ್ ಮತ್ತು ರೈಲು, ಟಾರ್ಪಾಲು ಬಿಗಿದ ಲಾರಿ, ಗಣಿಯ ಬಾಗಿಲಲ್ಲೇ ಚಕ್ರ ತೊಳೆಯುವ ಹೊಂಡ, ರಸ್ತೆಬದಿಯಲ್ಲಿ ಬೇವು ಹೊಂಗೆಗಳ ದಟ್ಟ ಸಾಲು ಇವೆಲ್ಲ ತಿಳಿದ ವಿದ್ಯೆಗಳೇ. ಹಣವೂ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಗಣಿಪೀಡಿತ ಜನರ ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ನಿಯಂತ್ರಣಗಳೇ ಆದ್ಯತೆ. 2021ರಲ್ಲಿ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಧೂಳಿಗೂ ನೀರಿಗೂ ಈ ಗಡಿ ತಿಳಿಯದು. ಕೇಳುವ ನಾವೂ ಅದನ್ನು ಮರೆತೇ ಕೇಳಬೇಕು.

ಓದುಗರಲ್ಲಿ ಒಂದು ಸಣ್ಣ ಬಿನ್ನಹ. ಈ ಬಾರಿ ಮನೆ ಒರೆಸಿದ ಮೊದಲ ಬಕೆಟ್ಟಿನ ನೀರನ್ನು ಪೂರ್ತಿ ಚೆಲ್ಲಬೇಡಿ. ಒಂದು ಸ್ವಚ್ಛ ಗಾಜಿನ ಸೀಸೆಯಲ್ಲಿ ತುಂಬಿ, ಊರು, ದಿನಾಂಕ, ರಸ್ತೆಯಿಂದ ಮನೆಗಿರುವ ದೂರ ಬರೆದಿಡಿ. ಮುಂದಿನ ಗ್ರಾಮಸಭೆಗೆ ಅದನ್ನು ತನ್ನಿ. ಮನವಿಪತ್ರಗಳನ್ನು ಕಡತದಲ್ಲಿ ಸೇರಿಸಿ ಮರೆಯುವುದು ಸುಲಭ. ಸಾಲಾಗಿ ಇಟ್ಟ ನಲವತ್ತು ಕೆಂಪು ಸೀಸೆಗಳ ಎದುರು ಕುಳಿತು ಧೂಳೇ ಇಲ್ಲವೆನ್ನುವುದು ಅಷ್ಟು ಸುಲಭವಲ್ಲ.