ಕೊಳವೆಗೆ ಮೂವತ್ತು ವರ್ಷ, ಹೊಳೆಗೆಷ್ಟು?

ಯಾವ ಊರಿನ ಕುಡಿಯುವ ನೀರಿನ ಯೋಜನಾ ವರದಿಯನ್ನು ಬಿಡಿಸಿದರೂ ಮೊದಲ ಕೆಲವು ಪುಟಗಳಲ್ಲೇ ‘ವಿನ್ಯಾಸಾವಧಿ’ ಎಂಬ ಪದ ಎದುರಾಗುತ್ತದೆ. ದೇಶದ ಇಂಜಿನಿಯರರಿಗೆ ದಶಕಗಳ ಕಾಲ ದಾರಿ ತೋರಿದ, ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 1999ರ ಕೈಪಿಡಿಯ ಪ್ರಕಾರ ಅಣೆಕಟ್ಟಿಗೆ 50 ವರ್ಷ, ಮುಖ್ಯ ಕೊಳವೆಗೆ 30 ವರ್ಷ, ಪಂಪು ಮೋಟಾರುಗಳಿಗೆ 15 ವರ್ಷ. ಅಷ್ಟು ವರ್ಷಗಳ ಅನಂತರ ಊರಿನ ಜನಸಂಖ್ಯೆ ಎಷ್ಟಾದೀತೆಂದು ಅಂದಾಜು ಮಾಡಲಾಗುತ್ತದೆ. ಒಳಚರಂಡಿಯುಳ್ಳ ಪಟ್ಟಣವಾದರೆ ತಲೆಗೆ ದಿನಕ್ಕೆ 135 ಲೀಟರ್, ಮಹಾನಗರವಾದರೆ 150 ಲೀಟರ್ ಎಂದು ಗುಣಿಸಿ, ಬಂದ ಮೊತ್ತಕ್ಕೆ ತಕ್ಕ ಕೊಳವೆಯ ವ್ಯಾಸವನ್ನು ನಿಗದಿ ಮಾಡಿದರೆ ದೂರದೃಷ್ಟಿಯ ಕೆಲಸ ಮುಗಿದಂತೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ನೀರು ಎಲ್ಲಿಂದ ಹುಟ್ಟುತ್ತದೆಯೋ ಆ ಗುಡ್ಡಕ್ಕೆ, ಹಳ್ಳಕ್ಕೆ, ಕಾಡಿಗೆ ಇಂಥದೇ ಒಂದು ಅವಧಿಯನ್ನು ಗೊತ್ತುಪಡಿಸಿ, ಅಷ್ಟು ಕಾಲ ಅದು ಉಳಿಯುವಂತೆ ನೋಡಿಕೊಳ್ಳುವ ಹೊಣೆ ಯಾರದೆಂದು ಹೇಳುವ ಕಲಂ ಈ ವರದಿಗಳಲ್ಲಿ ಇರುವುದಿಲ್ಲ. ಹೊಳೆಯೆಂಬುದು ಇದ್ದೇ ಇರುತ್ತದೆಂದು ಮೊದಲೇ ಒಪ್ಪಿಕೊಂಡು ಲೆಕ್ಕ ಆರಂಭವಾಗುತ್ತದೆ.

ಈ ಒಪ್ಪಿಗೆಯ ಬೆಲೆಯೇನೆಂಬುದನ್ನು ಬೆಂಗಳೂರಿನ ನಲ್ಲಿಯ ಚರಿತ್ರೆ ಸ್ಪಷ್ಟವಾಗಿ ಹೇಳುತ್ತದೆ. ಮಲೆನಾಡಿನ ಓದುಗರಿಗೆ ಬಯಲುಸೀಮೆಯ ಮಹಾನಗರದ ಕಥೆಯಿಂದ ಏನಾಗಬೇಕೆಂದು ಯಾರಾದರೂ ಕೇಳಬಹುದು. ಆ ನಲ್ಲಿಯ ಇನ್ನೊಂದು ತುದಿ ಈಗ ಘಟ್ಟವನ್ನು ಮುಟ್ಟಿರುವುದರಿಂದ ಅದು ಮಲೆನಾಡಿನ ಕಥೆಯೂ ಹೌದು.

1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಬೆಂಗಳೂರಿಗೆ ಅರ್ಕಾವತಿಯ ಹೆಸರಘಟ್ಟದಿಂದ ನೀರು ತರುವ ಯೋಜನೆ ರೂಪುಗೊಂಡಿತು. ಊರಿನ ಒಳಗಿನ ಕೆರೆಗಳನ್ನು ಬಿಟ್ಟು ಹೊರಗಿನ ಹೊಳೆಗೆ ನಗರವು ಕೈಚಾಚಿದ್ದು ಅದೇ ಮೊದಲು. ಮೂರು ದಶಕ ಕಳೆಯುವಷ್ಟರಲ್ಲಿ ಹೆಸರಘಟ್ಟ ಬತ್ತುವ ಸ್ಥಿತಿಗೆ ಬಂತು. ಆಗ ಅದೇ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿಯು ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಅದೂ ಸಾಲದಾದಾಗ ಕಾವೇರಿ. 1974ರಲ್ಲಿ ಮೊದಲ ಹಂತ, 1982ರಲ್ಲಿ ಎರಡನೆಯದು, 1993ರಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ನಾಲ್ಕನೆಯದರ ಎರಡು ಭಾಗಗಳು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ ನೀರನ್ನು ಏರಿಸಲಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡು ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ ಸೇರಿತು.

ಹಂತ ಎಂಬ ಪದವನ್ನೇ ಗಮನಿಸಬೇಕು. ಹಂತಗಳುಳ್ಳ ಏಣಿಗೆ ಮೇಲ್ತುದಿಯೊಂದು ಇರಬೇಕು. ಈ ಏಣಿಯ ಮೇಲ್ತುದಿ ಎಲ್ಲಿದೆಯೆಂದು ಯಾವ ವರದಿಯೂ ಹೇಳಿಲ್ಲ. ಪ್ರತಿ ಹಂತವೂ ಮುಂದಿನದಕ್ಕೆ ಕಾರಣವಾಗುತ್ತದೆ. ನೀರು ಬಂತೆಂದು ಬಡಾವಣೆ ಬೆಳೆಯುತ್ತದೆ, ಬಡಾವಣೆ ಬೆಳೆಯಿತೆಂದು ನೀರಿನ ಬೇಡಿಕೆ ಏಳುತ್ತದೆ.

ಹೊಸ ಹಂತ ಬಂದಾಗಲೆಲ್ಲ ಹಳೆಯ ಜಲಮೂಲ ಏನಾಯಿತೆಂದು ಕೇಳುವವರು ಕಡಿಮೆ. ತಿಪ್ಪಗೊಂಡನಹಳ್ಳಿಯ ಒಳಹರಿವು ದಶಕದಿಂದ ದಶಕಕ್ಕೆ ಇಳಿಯಿತು, ಬಂದ ನೀರೂ ಕೊಳೆಯಿತು. 2010ರ ದಶಕದಲ್ಲಿ ಅಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತಿತು. ಮಳೆ ಕೈಕೊಟ್ಟಿತೆಂಬ ವಿವರಣೆ ಎಲ್ಲರಿಗೂ ಅನುಕೂಲದ್ದು. ಏಕೆಂದರೆ ಮಳೆಯ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಏಕೆ ಬತ್ತುತ್ತಿದೆ ಎಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಆ ವಿವರಣೆಯನ್ನು ಒಪ್ಪಲಿಲ್ಲ. ಮಳೆಯ ಏರಿಳಿತಕ್ಕಿಂತ ಹೆಚ್ಚಾಗಿ ಅಂತರ್ಜಲದ ಅತಿಬಳಕೆ ಮತ್ತು ಜಲಾನಯನ ಪ್ರದೇಶದ ತುಂಬ ಹಬ್ಬಿದ ನೀಲಗಿರಿ ತೋಪುಗಳತ್ತ ಅದು ಬೆರಳು ತೋರಿಸಿತು. ರಾಗಿಯ ಬೇರು ತಲುಪದ ಆಳದಿಂದ ನೀಲಗಿರಿಯ ಬೇರು ವರ್ಷವಿಡೀ ನೀರು ಹೀರುತ್ತದೆ. ಕೊಳವೆಬಾವಿಗಳು ಮಿಕ್ಕದ್ದನ್ನು ಎಳೆಯುತ್ತವೆ. ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಕೆಳಗೆ ಹೋದ ಮೇಲೆ, ಹಿಂದೆ ಹಳ್ಳಕ್ಕೆ ಒಸರುತ್ತಿದ್ದ ಒರತೆ ನಿಲ್ಲುತ್ತದೆ, ಹರಿದು ಬಂದ ಮಳೆನೀರೂ ತಳದಲ್ಲೇ ಇಂಗಿ ಹೋಗುತ್ತದೆ. ಜಲಾನಯನವನ್ನು ಕಾಪಾಡಲು ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2003ರಲ್ಲಿ, ಅಂದರೆ ಜಲಾಶಯ ಕಟ್ಟಿ 70 ವರ್ಷಗಳ ಮೇಲೆ. ರಾಜ್ಯದಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಅಣೆಕಟ್ಟಿನ ಗೋಡೆ ಇಂದಿಗೂ ಗಟ್ಟಿಯಾಗಿದೆ. ಕೈಪಿಡಿಯ ಲೆಕ್ಕದ 50 ವರ್ಷವನ್ನು ಅದು ಎಂದೋ ದಾಟಿದೆ.

ಕತೆ ಇಲ್ಲಿಗೆ ನಿಂತಿದ್ದರೆ ಅದು ಬಯಲುಸೀಮೆಯ ದುಃಖವಾಗಿ ಉಳಿಯುತ್ತಿತ್ತು. ಹಾಗಾಗಲಿಲ್ಲ. ಬತ್ತಿದ ತಿಪ್ಪಗೊಂಡನಹಳ್ಳಿಗೆ ಎತ್ತಿನಹೊಳೆಯ ಒಂದು ಪಾಲನ್ನು ತಂದು ತುಂಬುವ ಯೋಜನೆ ಮಂಡನೆಯಾಯಿತು. ನೀಲಗಿರಿಯೂ ಕೊಳವೆಬಾವಿಯೂ ಕುಡಿದು ಮುಗಿಸಿದ ಅರ್ಕಾವತಿಯ ಜಾಗದಲ್ಲಿ ಸಕಲೇಶಪುರದ ಮಳೆಕಾಡಿನ ನೀರು ಕೂರಬೇಕು! ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆರಂಭದಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ಅಂದಾಜು ಆ ಹೊತ್ತಿಗೆ 23,251 ಕೋಟಿ ತಲುಪಿತ್ತು. ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಸಿಗುವ ನೀರು 24 ಟಿಎಂಸಿ ಅಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಲೆಕ್ಕದಲ್ಲಿ ಆ ಜಲಾನಯನದ ಒಟ್ಟು ವಾರ್ಷಿಕ ಇಳುವರಿಯೇ 9.55 ಟಿಎಂಸಿ ಅಡಿ. ಎರಡರ ನಡುವೆ ಇಷ್ಟು ಅಂತರವಿರುವಾಗ ಕೊಳವೆ ಹೂಳುವ ಮೊದಲು ಹೊಳೆಯನ್ನು ಹಲವು ವರ್ಷ ಅಳೆದು ನೋಡಬೇಕಿತ್ತು, ಆ ಅಳತೆಯನ್ನು ಜನರ ಮುಂದೆ ಇಡಬೇಕಿತ್ತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ನಿಜವಾದದ್ದು. ಅದನ್ನು ಅಲ್ಲಗಳೆಯುವುದು ಮಲೆನಾಡಿಗರಿಗೆ ಶೋಭಿಸದು. ಬಾಯಾರಿದವರಿಗೆ ಅನುಮಾನದ ನೀರನ್ನು ವಾಗ್ದಾನ ಮಾಡುವುದೂ ಶೋಭಿಸದು. ಎತ್ತಿನಹೊಳೆ ಕೊನೆಗೆ ಸೇರುವುದು ನೇತ್ರಾವತಿಗೆ. ಆ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟನ್ನು ನೆಚ್ಚಿರುವ ಮಂಗಳೂರಿನಲ್ಲಿ 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ತೆಗೆಯುವುದು ಮಳೆಗಾಲದ ನೀರನ್ನಷ್ಟೇ ಎಂಬ ಸಮಾಧಾನ ಹೇಳಲಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕಡಿದು ಕಣಿವೆ ಅಗೆದದ್ದರ ಫಲವನ್ನು ಹೊಳೆ ಬೇಸಿಗೆಯಲ್ಲಿ ಉಣ್ಣುತ್ತದೆ ಎಂಬುದನ್ನು ಆ ಮಾತು ಮರೆಯುತ್ತದೆ.

ಅದೇ 2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಶರಾವತಿಯನ್ನು ಒಯ್ಯುವ ಪ್ರಸ್ತಾವ ಬಂತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು, ಪ್ರಸ್ತಾವ ತಣ್ಣಗಾಯಿತು. ಭಾವನೆಯನ್ನು ಒತ್ತಟ್ಟಿಗಿಟ್ಟು ಬರಿಯ ಅಂಕಗಣಿತವನ್ನೇ ನೋಡಬಹುದು. ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ, ಎಂದರೆ ಸುಮಾರು 554 ಮೀಟರ್. ಬೆಂಗಳೂರು ಇರುವುದು 900 ಮೀಟರಿನ ಆಸುಪಾಸಿನಲ್ಲಿ. ಪ್ರತಿ ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು, ಪಂಪಿನ ನಷ್ಟ ಮತ್ತು ಕೊಳವೆಯ ಘರ್ಷಣೆ ಸೇರಿದರೆ, ಒಂದು ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ ಬೇಕು. ಅದೇ ಸಾವಿರ ಲೀಟರ್ ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಧುಮುಕಿದ್ದರೆ ಸುಮಾರು ಒಂದು ಯೂನಿಟ್ ಹುಟ್ಟುತ್ತಿತ್ತು. ಕೂಡಿಸಿದರೆ ಸಾವಿರ ಲೀಟರಿಗೆ ಎರಡು ಯೂನಿಟ್ ನಷ್ಟ. ಅಂದು ಕೇಳಿಬಂದ 30 ಟಿಎಂಸಿ ಅಡಿಗೆ ಈ ಲೆಕ್ಕ ಹಾಕಿದರೆ ವರ್ಷಕ್ಕೆ 170 ಕೋಟಿ ಯೂನಿಟ್ ಆಗುತ್ತದೆ. 400 ಕಿಲೋಮೀಟರ್ ಕೊಳವೆಗೆ ದಾರಿ ಬಿಡಲು ಬೀಳುವ ಮರಗಳ ಲೆಕ್ಕ ಬೇರೆ.

ಹಾಗಾದರೆ ನಗರ ಏನು ಕುಡಿಯಬೇಕು? ಈ ಪ್ರಶ್ನೆಯಿಂದ ಪರಿಸರ ಚಳವಳಿ ತಪ್ಪಿಸಿಕೊಳ್ಳಬಾರದು. 2023ರ ಮುಂಗಾರು ಸೋತ ಮೇಲೆ, 2024ರ ಮಾರ್ಚಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ಹೀಗಿತ್ತು: ಬೆಂಗಳೂರಿಗೆ ದಿನಕ್ಕೆ ಬೇಕಾದದ್ದು 2,600 ದಶಲಕ್ಷ ಲೀಟರ್, ಕಾವೇರಿಯಿಂದ ಬರುತ್ತಿದ್ದದ್ದು 1,470, ಕೊಳವೆಬಾವಿಗಳಿಂದ 650, ಕೊರತೆ 500ರಷ್ಟು. ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಈ ಅಂಕಿಗಳ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಸೋರಿಕೆಯಿಂದಲೋ ಕಳವಿನಿಂದಲೋ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಸರಬರಾಜಿನ ಕಾಲುಭಾಗಕ್ಕೂ ಹೆಚ್ಚೆಂದು ಜಲಮಂಡಳಿಯೇ ಒಪ್ಪಿಕೊಂಡಿದೆ. ಕಾವೇರಿಯ ನೀರಿನಲ್ಲಿ ಕಾಲುಭಾಗವೆಂದರೂ ದಿನಕ್ಕೆ 367 ದಶಲಕ್ಷ ಲೀಟರ್. ಕೊರತೆಯ ಮುಕ್ಕಾಲುಭಾಗ ನೆಲದಡಿಯಲ್ಲೇ ಇತ್ತು! ಹಳೆಯ ಕೊಳವೆ ಬದಲಿಸುವ ಕೆಲಸಕ್ಕೆ ಶಿಲಾನ್ಯಾಸವಿಲ್ಲ, ಬಾಗಿನವಿಲ್ಲ, ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಬರುವುದಿಲ್ಲ. ಹೊಸ ಹೊಳೆ ತರುವುದರಲ್ಲಿ ಅವೆಲ್ಲವೂ ಇವೆ.

ನಗರದೊಳಗಿನ ದಾರಿಗಳು ಗೊತ್ತಿಲ್ಲದವೇನಲ್ಲ. ಮಳೆನೀರು ಕೊಯ್ಲನ್ನು ಬೆಂಗಳೂರಿನಲ್ಲಿ ಕಾನೂನಿನ ಮೂಲಕ ಕಡ್ಡಾಯ ಮಾಡಿದ್ದು 2009ರಲ್ಲಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಹರಿಸಿದ್ದು ಸರಿಯೇ ಎಂಬ ಕೋಲಾರದವರ ತಕರಾರು ನ್ಯಾಯವಾದದ್ದೇ. ಆದರೆ ನಗರ ಬಳಸಿ ಬಿಟ್ಟ ನೀರೂ ಒಂದು ನದಿಯೆಂಬುದನ್ನು ಆ ಯೋಜನೆ ತೋರಿಸಿಕೊಟ್ಟಿತು. ಕೊರತೆಯಿರುವುದು ಉಪಾಯಗಳಲ್ಲಲ್ಲ, ಇವನ್ನೆಲ್ಲ ಮೊದಲು ಮುಗಿಸಿಯೇ ಬೇರೆ ಹೊಳೆಯ ಕಡೆ ನೋಡತಕ್ಕದ್ದು ಎಂಬ ಕಟ್ಟುಪಾಡಿನಲ್ಲಿ.

ಅಂಥ ಕಟ್ಟುಪಾಡು ಅಸಾಧ್ಯವೇನಲ್ಲ. ಬರಗಾಲಕ್ಕೆ ಹೆಸರಾದ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1983ರಲ್ಲೇ ಒಂದು ಕಾನೂನು ಮಾಡಿತು. ಅದರಂತೆ ದೊಡ್ಡ ನಗರ ನೀರು ಪೂರೈಕೆದಾರರೆಲ್ಲರೂ ಐದು ವರ್ಷಕ್ಕೊಮ್ಮೆ, ಮುಂದಿನ 20 ವರ್ಷಗಳ ಯೋಜನೆಯನ್ನು ಬರೆದು ಪ್ರಕಟಿಸಬೇಕು. ವಾಡಿಕೆಯ ವರ್ಷದಲ್ಲಿ ಎಷ್ಟು ನೀರು, ಬರದ ವರ್ಷದಲ್ಲಿ ಎಷ್ಟು, ಬರ ವರ್ಷದಿಂದ ವರ್ಷಕ್ಕೆ ಮುಂದುವರಿದರೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. 2001ರಲ್ಲಿ ಸೇರಿದ ಇನ್ನೊಂದು ಕಾನೂನು, 500ಕ್ಕಿಂತ ಹೆಚ್ಚು ಮನೆಗಳ ಬಡಾವಣೆಗೆ ಅನುಮತಿ ಕೊಡುವ ಮೊದಲು 20 ವರ್ಷಗಳ ನೀರು ಎಲ್ಲಿಂದ ಬರುತ್ತದೆಂದು ಲಿಖಿತವಾಗಿ ತೋರಿಸಬೇಕೆಂದಿತು. ಅಲ್ಲಿ ಎಲ್ಲವೂ ಸರಿಯಾಗಿದೆಯೆಂದಲ್ಲ. ದೂರದ ಕಣಿವೆಗಳ ನೀರನ್ನು ಕಸಿದ ಚರಿತ್ರೆ ಲಾಸ್ ಏಂಜಲೀಸ್ ನಗರದ್ದೂ ಹೌದು. ಆದರೂ ಬೆಂಗಳೂರಿನ ಹೊರವಲಯದಲ್ಲಿ ಟ್ಯಾಂಕರನ್ನು ನಂಬಿ ಎದ್ದ ವಸತಿ ಸಮುಚ್ಚಯಗಳನ್ನು ಕಂಡವರಿಗೆ ಈ ಒಂದು ಕಲಂ ಎಷ್ಟು ಅನಾಹುತ ತಪ್ಪಿಸಬಹುದಿತ್ತೆಂದು ತಿಳಿಯುತ್ತದೆ.

ಜಲಾನಯನದ ಮಟ್ಟಿಗೆ ನ್ಯೂಯಾರ್ಕ್ ನಗರ ಇನ್ನೂ ಮುಂದೆ ಹೋಯಿತು. ತನಗೆ ನೀರು ಕೊಡುವ ಕ್ಯಾಟ್ಸ್ಕಿಲ್ ಬೆಟ್ಟಗಳ ಗ್ರಾಮಗಳೊಂದಿಗೆ 1997ರಲ್ಲಿ ಒಪ್ಪಂದ ಮಾಡಿಕೊಂಡು, ರೈತರ ಕೊಟ್ಟಿಗೆ, ಗೊಬ್ಬರಗುಂಡಿ, ಹೊಳೆದಂಡೆಗಳ ಸುಧಾರಣೆಗೆ ನಗರದ ಹಣ ಕೊಟ್ಟಿತು. ಆ ವೆಚ್ಚವು ಹಲವು ಶತಕೋಟಿ ಡಾಲರಿನ ಶೋಧಕ ಘಟಕ ಕಟ್ಟುವುದಕ್ಕಿಂತ ಅಗ್ಗವೆಂಬುದೇ ಕಾರಣ. ಬೆಟ್ಟವನ್ನು ನೀರು ಸರಬರಾಜಿನ ಯಂತ್ರಾಂಗವೆಂದು ನಗರದ ಲೆಕ್ಕಪತ್ರದಲ್ಲಿ ಬರೆದುಕೊಂಡಂತಾಯಿತು.

ಮಲೆನಾಡಿನಲ್ಲಿ ಇದಕ್ಕೆ ಬೇಕಾದ ವಿಜ್ಞಾನ ಕೈಯಲ್ಲೇ ಇದೆ. ಶರಾವತಿ ಸೇರಿದಂತೆ ಘಟ್ಟದ ನದಿಗಳ ಮೇಲೆ ವಿಜ್ಞಾನ ಸಂಸ್ಥೆಯ ಅದೇ ತಂಡ ನಡೆಸಿದ ಅಧ್ಯಯನಗಳ ಪ್ರಕಾರ, ಜಲಾನಯನದ ಶೇ. 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಜಾತಿಯ ಮರಗಳಿದ್ದರೆ ಹಳ್ಳ ಹನ್ನೆರಡು ತಿಂಗಳೂ ಹರಿಯುತ್ತದೆ. ಏಕಜಾತಿಯ ನೆಡುತೋಪಾದರೆ ಆರರಿಂದ ಎಂಟು ತಿಂಗಳು. ಬೋಳಾದರೆ ನಾಲ್ಕು ತಿಂಗಳು, ಎಂದರೆ ಮಳೆಯಿದ್ದಷ್ಟು ದಿನ. ತರಗೆಲೆ ಹೊದ್ದ ಕಾಡಿನ ಮಣ್ಣು ಮಳೆಯನ್ನು ಒಳಗೆ ಬಿಟ್ಟುಕೊಂಡು ನಿಧಾನವಾಗಿ ಹಿಂತಿರುಗಿಸುತ್ತದೆ. ತುಳಿದು ಗಟ್ಟಿಯಾದ ಗುಡ್ಡದ ಮೇಲೆ ಅದೇ ಮಳೆ ಕೆಂಪಾಗಿ ಹರಿದು, ಹೂಳಾಗಿ ಜಲಾಶಯ ಸೇರುತ್ತದೆ.

ಈ ವಿಷಯದಲ್ಲಿ ಬೆರಳನ್ನು ನಗರದ ಕಡೆಗಷ್ಟೇ ತೋರಿಸುವುದು ಪ್ರಾಮಾಣಿಕವಲ್ಲ. ಕಾಗದ ಕಾರ್ಖಾನೆಗೆಂದು ಬೆಟ್ಟಗಳಲ್ಲಿ ಅಕೇಶಿಯಾ ನೆಟ್ಟದ್ದು ಸರ್ಕಾರವೇ ಇರಬಹುದು. ಸೊಪ್ಪಿನಬೆಟ್ಟವನ್ನು ಬೋಳಿಸಿದ್ದು, ಅಡಿಕೆಯ ಧಾರಣೆ ಏರಿದಂತೆಲ್ಲ ಗದ್ದೆಯನ್ನೂ ಗುಡ್ಡದ ಇಳಿಜಾರನ್ನೂ ತೋಟವಾಗಿಸಿ ಕೊಳವೆಬಾವಿ ಕೊರೆಸಿದ್ದು ಮಲೆನಾಡಿಗರೇ. ತೋಟದ ತಲೆಯ ಮೇಲಿನ ಕೆರೆಯ ಹೂಳು ತೆಗೆಯದವರು ಲಿಂಗನಮಕ್ಕಿಯ ಬಗ್ಗೆ ಆಡುವ ಮಾತಿಗೆ ಅರ್ಧ ತೂಕ ಮಾತ್ರ. ಮಳೆಯ ಲೆಕ್ಕದಲ್ಲಿ ಸಮೃದ್ಧವೆನಿಸಿಕೊಂಡ ಘಟ್ಟದ ತಾಲ್ಲೂಕುಗಳಲ್ಲೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಟ್ಯಾಂಕರ್ ಓಡುತ್ತದೆ.

ಆದಕಾರಣ ರಾಜ್ಯದಲ್ಲಿ ದೀರ್ಘಾವಧಿಯ ನೀರಿನ ಯೋಜನೆಯನ್ನು ಕಾನೂನಿನ ಮೂಲಕ ಕಡ್ಡಾಯ ಮಾಡುವುದಾದರೆ, ಅದು ಬೆಂಗಳೂರಿಗೂ ಶಿರಸಿಗೂ ಸಾಗರಕ್ಕೂ ಒಂದೇ ಆಗಿರಬೇಕು. ಮೂಲದ ಹರಿವನ್ನು ಅಳೆದ ಅಂಕಿಗಳು, ಸತತ ಬರದ ವರ್ಷಗಳ ಲೆಕ್ಕ, ಸೋರಿಕೆಯ ವಾರ್ಷಿಕ ಪಟ್ಟಿ, ಬಳಸಿದ ನೀರು ಎಲ್ಲಿಗೆ ಹೋಯಿತೆಂಬ ವಿವರ, ಇವಿಲ್ಲದ ಯೋಜನೆಗೆ ಹಣ ಮಂಜೂರಾಗಬಾರದು. ನೀರಿನ ದರದ ಒಂದಂಶ ಜಲಾನಯನದ ಗ್ರಾಮ ಪಂಚಾಯಿತಿಗಳಿಗೆ ಸೇರಬೇಕು. ಐದು ವರ್ಷಕ್ಕೊಮ್ಮೆ ಯೋಜನೆಯ ಮರುಪರಿಶೀಲನೆಗೆ ಕೂರುವ ಸಮಿತಿಯಲ್ಲಿ ಆ ಪಂಚಾಯಿತಿಗಳಿಗೂ ಸ್ಥಾನವಿರಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮುಳುಗಿದ ಊರುಗಳವರನ್ನು ಯಾವ ಸಮಿತಿಯೂ ಕೇಳಿರಲಿಲ್ಲ. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು ಮೊಮ್ಮಕ್ಕಳು 60 ವರ್ಷಗಳ ಮೇಲೆ, 2024ರಲ್ಲಿಯೂ, ತಮಗೆ ತೋರಿಸಿದ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು.